ಯವನಜ್ಜನ ಹನ್ನೆರಡನೆಯ ಹಾಳೆ

ಬಾಗಿಲು ಹಾಕಿದ ಇನ್ನೂರ ಹನ್ನೆರಡನೆಯ ವರ್ಷ,
ಬೆಂಕಿಗಾಲದ ಎಂಬತ್ತನೆಯ ದಿನ, ಬೆಳಕು ಎರಡನೆಯ ಕಿಂಡಿಯಲ್ಲಿರುವಾಗ.

ಬಯಲಿನಲ್ಲಿ ಬಾಳಿದ ಹಿರಿಯರಿಗೆ ಕೆಂಗಲ್ಲೂರಿನ ಕೇಳುವಾಕೆ ಜಗದೇವಿಯ ನಮಸ್ಕಾರಗಳು.

ಈ ತಾರೀಖು ನಿಮಗೆ ತಿಳಿಯದು, ಕ್ಷಮಿಸಿ. ನಿಮ್ಮ ವರ್ಷಗಳ ಎಣಿಕೆ ನಮ್ಮವರ ಕೈತಪ್ಪಿ ಹೋಗಿದೆ. ನಮ್ಮ ಹಳಬರು ಸುರಂಗಕ್ಕಿಳಿದು ಮೇಲಿನ ಬಾಗಿಲು ಹಾಕಿಕೊಂಡ ದಿನದಿಂದ ನಾವು ಎಣಿಸುತ್ತೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಕಾಗದ ಬರೆಯುವವರು ಮೊದಲು ‘ನಾವು ಇಲ್ಲಿ ಕ್ಷೇಮ’ ಎಂದು ಬರೆಯುತ್ತಿದ್ದರಂತೆ. ನಾನು ಹಾಗೆ ಬರೆಯಲಾರೆ. ಕಾಣದ್ದನ್ನು ಕಂಡೆನೆಂದು ಬರೆಯಬಾರದು ಎಂಬ ಕಟ್ಟಳೆ ನಮ್ಮಲ್ಲಿದೆ. ಆ ಕಟ್ಟಳೆಯನ್ನು ಒಮ್ಮೆ ಮುರಿದವಳು ನಾನು. ಈ ಕಾಗದ ಅದರ ಸಲುವಾಗಿಯೇ.

ಕೇಳುವಾಕೆ ಎಂದರೆ ಊರಿನಲ್ಲಿ ಏನೇ ನಡೆದರೂ ಹೋಗಿ, ಕೇಳಿ, ಬರೆದಿಡುವವಳು. ಮೂವತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ. ಇವತ್ತು ಬಿಡುತ್ತಿದ್ದೇನೆ. ಬಿಡುವ ಮುನ್ನ ಪ್ರತಿ ಕೇಳುವಾಕೆಯೂ, ತಾನು ಎದುರು ಕೂತು ಕೇಳಲಾಗದ ಯಾರಿಗಾದರೂ ಒಂದು ಕಾಗದ ಬರೆದು, ಸುರಂಗದ ನೀರು ಹುಟ್ಟುವ ತಾಯಿಬಾವಿಯ ಗೂಡಿನಲ್ಲಿ ಇಟ್ಟು ಹೋಗಬೇಕು. ನನಗಿಂತ ಮುಂಚಿನವರೆಲ್ಲ ಮುಂದೆ ಹುಟ್ಟುವವರಿಗೆ ಬರೆದರು. ಆ ಕಾಗದಗಳನ್ನು ಓದಿದ್ದೇನೆ. ಒಂದರಿಂದ ಕೊನೆಯದರವರೆಗೆ ಬರೀ ಬುದ್ಧಿಮಾತು. ಹುಟ್ಟದವರು ತಿರುಗಿ ಮಾತಾಡುವುದಿಲ್ಲವಲ್ಲ, ಅವರಿಗೆ ಬುದ್ಧಿ ಹೇಳುವುದು ಸುಲಭ. ನನ್ನ ಹತ್ತಿರ ಬುದ್ಧಿಮಾತಿಲ್ಲ. ಒಂದು ಬೇಡಿಕೆಯಿದೆ, ಅದನ್ನು ಈಡೇರಿಸುವ ವಸ್ತು ನಿಮ್ಮಲ್ಲಿತ್ತು, ನಮ್ಮಲ್ಲಿಲ್ಲ. ಅದಕ್ಕೇ ಹಿಂದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಾವಿರುವ ರೀತಿ ಹೇಳುತ್ತೇನೆ. ನಮ್ಮೂರು ಕೆಂಪು ಜಂಬಿಟ್ಟಿಗೆ ನೆಲದ ಹೊಟ್ಟೆಯಲ್ಲಿದೆ. ನಿಮಗಿಂತಲೂ ಬಹಳ ಹಿಂದೆ ಯಾವನೋ ಸುಲ್ತಾನ ಕೋಟೆಗೆ ನೀರು ತರಲು ತೋಡಿಸಿದ ಸುರಂಗವಂತೆ. ಇದು ಕೇಳಿದ ಮಾತು, ಕಂಡದ್ದಲ್ಲ. ಮೇಲೆ ವರ್ಷದಲ್ಲಿ ಒಂಬತ್ತು ತಿಂಗಳು ಬೆಂಕಿಗಾಲ. ಆಗ ಹೊರಗೆ ಹೋದವರು ಅರ್ಧ ದಿನ ಉಳಿಯುವುದಿಲ್ಲ. ಮಿಕ್ಕ ಮೂರು ತಿಂಗಳಿಗೆ ಮೇಲ್ದಿನ ಎನ್ನುತ್ತೇವೆ. ಆಗ ಎಲ್ಲರೂ ಮೇಲೇರಿ ಜೋಳ, ತೊಗರಿ ಬಿತ್ತಿ, ಬಂದಷ್ಟು ಕೊಯ್ದುಕೊಂಡು ಇಳಿಯುತ್ತೇವೆ. ಕಾಳು ತಿನ್ನಲು, ದಂಟು ಕಾಗದಕ್ಕೆ. ದಂಟನ್ನು ನೆನೆಹಾಕಿ, ಕುಟ್ಟಿ, ಕಲ್ಲಿನ ಮೇಲೆ ತೆಳ್ಳಗೆ ಬಳಿದು ಒಣಗಿಸಿದರೆ ಹಾಳೆ ಆಗುತ್ತದೆ. ದೀಪದ ಕಾಡಿಗೆಯೇ ಮಸಿ. ಸುರಂಗದ ನೆತ್ತಿಯಲ್ಲಿ ಸಾಲಾಗಿ ಕಿಂಡಿಗಳಿವೆ. ಬಿಸಿಲು ಯಾವ ಕಿಂಡಿಯಿಂದ ನೆಲಕ್ಕಿಳಿದಿದೆ ಎಂದು ನೋಡಿ ಹೊತ್ತು ಹೇಳುತ್ತೇವೆ. ಮಕ್ಕಳು ಆ ಬಿಸಿಲಿನ ತುಂಡು ಸರಿದಂತೆ ತಾವೂ ಸರಿದು ಕೂತು ಅಕ್ಷರ ತಿದ್ದುತ್ತವೆ. ಇಲ್ಲಿ ಯಾರೂ ಕೂಗಾಡುವುದಿಲ್ಲ. ನೀರಿನ ಹಾದಿಯ ಮೇಲೆ ಮೇಲೋಣಿ, ನಡುವೋಣಿ, ಕೆಳಗೋಣಿ ಎಂದು ಮೂರು ಓಣಿಗಳಿದ್ದವು. ಒಂದರಲ್ಲಿ ಪಾತ್ರೆ ಬಿದ್ದರೆ ಮೂರಕ್ಕೂ ಕೇಳುತ್ತಿತ್ತು. ಗೋಡೆಗೆ ಕೈ ಬಡಿದರೂ ಕೇಳುತ್ತಿತ್ತು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಯವನಜ್ಜನ ವಿಷಯ. ಮೊದಲು ಇಳಿದು ಬಂದವರಲ್ಲಿ ಒಬ್ಬ ಶಾಲೆಯ ಅಕ್ಕೋರು ಇದ್ದರು. ಅವರ ಚೀಲದಲ್ಲಿ ಶೇಂಗಾ ಹಿಂಡಿ ಕಟ್ಟಿದ ಪೊಟ್ಟಣವಿತ್ತು. ರೊಟ್ಟಿಗೆ ಹಚ್ಚಿಕೊಂಡು ತಿಂದ ಹಿಂಡಿ ಆ ವಾರವೇ ಮುಗಿಯಿತು, ಕಟ್ಟಿದ್ದ ಹಾಳೆಗಳು ಉಳಿದವು. ಯಾವುದೋ ಹರಿದ ಪುಸ್ತಕದ ಹನ್ನೊಂದು ಹಾಳೆಗಳು, ಕನ್ನಡದವು. ಎಣ್ಣೆ ಹತ್ತಿದ ಕಡೆ ಹುಳು ಬಾಯಿ ಹಾಕಲಿಲ್ಲ, ಎಣ್ಣೆಯಿಲ್ಲದ ಅಂಚು ಹೋಯಿತು. ಹೋದ ಅಂಚಿನಲ್ಲೇ ಅವನ ಹೆಸರಿತ್ತು. ಅವನು ಯವನ ದೇಶದವನು, ಅಂದರೆ ಗ್ರೀಕರವನು, ನಿಮಗೂ ಎರಡೂವರೆ ಸಾವಿರ ವರ್ಷ ಹಿಂದಿನವನು ಎಂಬಷ್ಟು ತಿಳಿಯುತ್ತದೆ. ನಾವು ಯವನಜ್ಜ ಎನ್ನುತ್ತೇವೆ. ಅವನಿಗಿಂತ ಮುಂಚೆಯೂ ಜನ ಹಿಂದಿನವರ ಕತೆ ಹೇಳುತ್ತಿದ್ದರು, ದೇವರು ಹೀಗೆ ಮಾಡಿದ, ರಾಜ ಹಾಗೆ ಮಾಡಿದ ಎಂದು. ಯಾರು ಹೇಳಿದ್ದು, ನೋಡಿದ್ದು ಯಾರು ಎಂದು ಕೇಳುವ ರೂಢಿ ಇರಲಿಲ್ಲ. ಈ ಅಜ್ಜ ಊರೂರು ತಿರುಗಿ ಕೇಳಿದ. ಒಂದು ಮಹಾನದಿ ಎಲ್ಲ ನದಿಗಳೂ ಸೊರಗುವ ಬೇಸಗೆಯಲ್ಲಿ ಯಾಕೆ ಉಕ್ಕುತ್ತದೆ ಎಂದು ಕೇಳಿ, ಮೂವರು ಹೇಳಿದ ಮೂರು ಕಾರಣ ಬರೆದು, ಮೂರನ್ನೂ ಒಪ್ಪದೆ, ತನ್ನದೊಂದು ಕಾರಣ ಬರೆದ. ನಮ್ಮ ದೇಶದ ವಿಷಯವೂ ಒಂದು ಹಾಳೆಯಲ್ಲಿದೆ: ಇಲ್ಲಿನ ಮರಳಿನಲ್ಲಿ ನರಿಗಿಂತ ದೊಡ್ಡ ಇರುವೆಗಳು ಚಿನ್ನ ತೋಡುತ್ತವಂತೆ. ಅದನ್ನು ಓದಿದಾಗ ನಮ್ಮ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತವೆ, ನಾನೂ ನಕ್ಕಿದ್ದೇನೆ. ಪಾಪ, ಅವನು ಕಂಡೆ ಎಂದು ಬರೆದಿಲ್ಲ, ಹಾಗೆನ್ನುತ್ತಾರೆ ಎಂದೇ ಬರೆದಿದ್ದಾನೆ. ಹನ್ನೊಂದನೆಯ ಹಾಳೆಯಲ್ಲಿ ಅವನು ಒಂದು ಹಳೆಯ ಯುದ್ಧದ ಬಯಲಿಗೆ ಹೋಗುತ್ತಾನೆ. ಎಷ್ಟೋ ವರ್ಷದ ಹಿಂದೆ ಸತ್ತವರ ಎಲುಬು ಅಲ್ಲೇ ಬಿದ್ದಿವೆ. ಬಗ್ಗಿ ತಲೆಬುರುಡೆಗಳನ್ನು ನೋಡುತ್ತಾನೆ. ಇದನ್ನು ಮಾತ್ರ ನಾನೇ ನೋಡಿದೆ ಎನ್ನುತ್ತಾನೆ.

ಆ ಅಕ್ಕೋರು ಹನ್ನೊಂದು ಹಾಳೆಗಳಿಂದ ನಮ್ಮ ಊರಿನ ಕಟ್ಟಳೆ ಕಟ್ಟಿದರು. ಮೂರು ಕಡತ: ಕಂಡದ್ದಕ್ಕೆ ಒಂದು, ಕೇಳಿದ್ದಕ್ಕೆ ಒಂದು, ಅಂದಾಜಿಗೆ ಒಂದು. ಪಂಚರು, ಅಂದರೆ ಊರಿನ ಐದು ಜನ ಹಿರಿಯರು, ಕಂಡ ಕಡತದಲ್ಲಿ ಇದ್ದದ್ದರ ಮೇಲೆ ಮಾತ್ರ ತೀರ್ಮಾನ ಮಾಡಬೇಕು. ಒಂದು ಮಾತು ಕಂಡ ಕಡತಕ್ಕೆ ಏರಬೇಕಾದರೆ ಕೇಳುವಾಕೆ ಅದೇ ಪ್ರಶ್ನೆಯನ್ನು ಅದೇ ಮನುಷ್ಯನಿಗೆ ದಿನ ಬಿಟ್ಟು ದಿನ ಮೂರು ಸಲ ಕೇಳಬೇಕು, ಮೂರು ಸಲವೂ ಉತ್ತರ ಒಂದೇ ಇರಬೇಕು, ಆಮೇಲೆ ತಾನೇ ಆ ಜಾಗಕ್ಕೆ ಹೋಗಿ ನೋಡಿ ಬರಬೇಕು. ಯವನಜ್ಜ ಮೊದಲ ಹಾಳೆಯ ಆ ಹೋದ ಅಂಚಿನಲ್ಲಿ ತನ್ನ ಹೆಸರು, ಊರು ಹೇಳಿ ಶುರು ಮಾಡಿದ್ದರಿಂದ ನಮ್ಮ ಕೇಳುವಾಕೆಯೂ ಮೊದಲ ಸಾಲಿನಲ್ಲಿ ತಾಯಿಯ ಹೆಸರು, ತನ್ನ ಹೆಸರು, ಓಣಿ ಬರೆದೇ ಶುರು ಮಾಡಬೇಕು. ಹೊಸಬಳು ಕೆಲಸಕ್ಕೆ ಬರುವ ದಿನ ಹಳೆಯ ಕಡತವನ್ನೆಲ್ಲ ಓದಿ, ‘ಇದು ಕಂಡದ್ದು’ ಎಂದು ಕೆಳಗೆ ತನ್ನ ಹೆಸರು ಹಾಕಬೇಕು. ಕೊನೆಯದೊಂದು ಕಟ್ಟಳೆ ಬಹಳ ಬಿಗಿ: ಕಂಡ ಕಡತದ ಒಂದೇ ಒಂದು ಸಾಲು ಸುಳ್ಳೆಂದು ಗೊತ್ತಾದರೂ ಇಡೀ ಕಡತ ಕೇಳಿದ್ದರ ಸಾಲಿಗೆ ಇಳಿಯುತ್ತದೆ, ಹೊಸದು ಮೊದಲಿಂದ ಶುರುವಾಗುತ್ತದೆ. ಇನ್ನೂರ ಹನ್ನೆರಡು ವರ್ಷದಲ್ಲಿ ಹಾಗೆ ಆಗಿಲ್ಲ. ನಾವು ಅದಕ್ಕೆ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆವು.

ನೂರ ಎಂಬತ್ತೊಂದನೆಯ ವರ್ಷ ನಡುವೋಣಿಯಲ್ಲಿ ವಾಂತಿಭೇದಿ ಬಂತು. ಹತ್ತೊಂಬತ್ತು ಮಕ್ಕಳು ಸತ್ತರು. ಏಳನೆಯದು ನನ್ನ ಪುತಳಿ. ಐದು ವರ್ಷದವಳು, ಒಂದು ಹಗಲಿನಲ್ಲಿ ಒಣಗಿ ಹೋದಳು. ನನಗಾಗ ಇಪ್ಪತ್ತಾರು, ಕೇಳುವಾಕೆಯಾಗಿ ವರ್ಷವಾಗಿತ್ತು. ಅವಳನ್ನು ಮಣ್ಣು ಮಾಡಿದ ಮರುದಿನವೇ ಪಂಚರು ನನ್ನನ್ನು ಕರೆದು, ಯಾರಿಂದ ಹೀಗಾಯಿತು ಕೇಳಿ ಬರೆ ಎಂದರು. ಹೇಗಾಯಿತು ಎನ್ನಲಿಲ್ಲ, ಯಾರಿಂದ ಎಂದರು. ನಾನೂ ಹಾಗೆಯೇ ಕೇಳಿದೆ.

ಕುಡಿಯುವ ನೀರಿನ ಹೊಂಡದ ತೂಬು ಕಾಯುವ ಘಾಳೆಪ್ಪ ಮೊದಲ ಸಲ ಹೇಳಿದ್ದು ಹೀಗೆ: “ನಾ ಖುದ್ದ ನೋಡೀನಕ್ಕ. ಕೆಳಗೋಣಿ ಮಂದಿ ಕೊಡ ತಂದು ನಮ್ಮ ಹೊಂಡದಾಗ ಏನೋ ಸುರವ್ಯಾರ.” ದಿನ ಬಿಟ್ಟು ಎರಡನೆಯ ಸಲ ಕೇಳಿದಾಗ ಅವನು ತಲೆ ಕೆರೆದುಕೊಂಡ. “ನಾ ಅಂದ್ರ ನಾ ಅಲ್ಲ, ನಮ್ಮ ಮಾವ ನೋಡ್ಯಾನ, ನನಗ ಹೇಳ್ಯಾನ. ಎರಡೂ ಒಂದೇ ಅಲ್ಲೇನಕ್ಕ?” ಎಂದ. ಎರಡೂ ಒಂದೇ ಅಲ್ಲ ಎಂದು ಹೇಳಲಿಕ್ಕೇ ಊರು ನನಗೆ ಅನ್ನ ಹಾಕುತ್ತಿತ್ತು. ಅವನ ಮಾವ ಅಷ್ಟರಲ್ಲಿ ಅದೇ ರೋಗದಲ್ಲಿ ತೀರಿಕೊಂಡಿದ್ದ. ಮೂರನೆಯ ಸಲ ನಾನು ಕೇಳಲಿಲ್ಲ. ಹೊಂಡದ ಹತ್ತಿರ ಹೋಗಿ ನೋಡಲೂ ಇಲ್ಲ. ಪುತಳಿಯ ತಟ್ಟೆ ಇನ್ನೂ ತೊಳೆಯದೆ ಹಾಗೇ ಇತ್ತು. ಅದನ್ನು ನೋಡುತ್ತ ಕೂತು ಕಂಡ ಕಡತ ತೆರೆದು ಬರೆದೆ: ಕೆಳಗೋಣಿಯವರು ನಡುವೋಣಿಯ ಹೊಂಡಕ್ಕೆ ವಿಷ ಹಾಕಿದರು, ಘಾಳೆಪ್ಪ ಕಂಡ. ನನಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. ಇದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ. ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ನಮ್ಮ ರೋಗ ಅವರಿಗೆ ಹೋಗಬೇಕೇ ಹೊರತು ಅವರದ್ದು ನಮಗೆ ಬರಲಾರದು ಎಂದು ಇಡೀ ಊರಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಪಂಚರು ತೀರ್ಮಾನ ಕೊಟ್ಟರು: ಕೆಳಗೋಣಿಯ ಬಾಗಿಲಿಗೆ ಇಪ್ಪತ್ತು ದಿನ ಕಲ್ಲುಗೋಡೆ, ತೂಬೂ ಬಂದ್. ಅವರಿಗೆ ಆಚೆ ತುದಿಯಲ್ಲಿ ಇನ್ನೊಂದು ಬಾಯಿಯಿದೆ, ಹಳೆಯ ಬಾವಿಯಿದೆ, ಅದರಲ್ಲಿ ಬದುಕುತ್ತಾರೆ ಎಂದರು. ಕೆಳಗೋಣಿಯಲ್ಲಿ ತುಳಜಮ್ಮ ಎಂಬವಳಿದ್ದಳು. ನಾನೂ ಅವಳೂ ಹಳೆಯ ಕೇಳುವಾಕೆಯ ಹತ್ತಿರ ಒಂದೇ ಪಾಟಿಯ ಮೇಲೆ ಅಕ್ಷರ ಕಲಿತವರು. ಅವಳ ಕೈಬರಹ ನನ್ನದಕ್ಕಿಂತ ಚೆನ್ನಾಗಿತ್ತು, ಕೆಲಸ ನನಗೆ ಸಿಕ್ಕಿತ್ತು. ಅವಳ ಮಗಳು ಸೋನಾ, ನಾಲ್ಕು ವರ್ಷದವಳು, ಪುತಳಿ ಸತ್ತದ್ದು ತಿಳಿಯದೆ ಅವಳನ್ನು ಹುಡುಕಿಕೊಂಡು ಆಡಲು ಬಂದವಳು ನಮ್ಮ ಮನೆಯಲ್ಲೇ ನಿದ್ದೆ ಹೋಗಿದ್ದಳು. ಗೋಡೆ ಏಳುತ್ತಿದೆ ಎಂದು ನನಗೆ ಗೊತ್ತಿತ್ತು. ನಾನು ಅವಳನ್ನು ಎಬ್ಬಿಸಲಿಲ್ಲ. ಕೊನೆಯ ಎರಡು ವರಸೆ ಕಲ್ಲು ಇಡುವಾಗ ಒಳಗಿನಿಂದ ತುಳಜಮ್ಮ ಕೇಳಿದಳು, “ಜಗದೇವಿ, ನನ್ನ ಕೂಸು ನಿನ್ನ ಕಡಿ ಅದಾಳೇನ?” ಅದಾಳ ಎಂದೆ. “ಇರ್ಲಿ ಬಿಡು. ಇಪ್ಪತ್ತ ದಿನದ ಮಾತು. ತಲಿ ಬಾಚು, ಹೇನಾಗ್ಯಾವ” ಎಂದಳು. ಆಮೇಲೆ ಕಲ್ಲು ಕೂತಿತು.

ಮೂರನೆಯ ದಿನದಿಂದ ಗೋಡೆ ಬಡಿಯುವ ಸದ್ದು ಕೇಳಿತು. ನಾನು ಕೇಳಿದೆ, ನಡುವೋಣಿಯ ಎಲ್ಲರೂ ಕೇಳಿದರು. ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಿದೆವು. ಕೆಲವರು ಆ ಹೊತ್ತಿಗೇ ಜೋಳ ಕುಟ್ಟಲು ಕೂರುತ್ತಿದ್ದರು. ಏಳನೆಯ ದಿನದ ನಂತರ ಸದ್ದಿಲ್ಲ. ಕಿವಿಯಾರೆ ಕೇಳಿದ ಆ ಸದ್ದನ್ನು ನಾನು ಕೇಳಿದ ಕಡತದಲ್ಲೂ ಬರೆಯಲಿಲ್ಲ. ಇಪ್ಪತ್ತನೆಯ ದಿನ ಗೋಡೆ ಒಡೆಯಲು ಯಾರೂ ಹೋಗಲಿಲ್ಲ. ಅವರು ಆಚೆಯ ಬಾಯಿಯಿಂದ ಹೊರಬಿದ್ದು ಬೇರೆ ಊರಿಗೆ ಹೋದರಂತೆ ಎಂದು ಯಾರೋ ಅಂದರು. ಅದನ್ನು ಮಾತ್ರ ಅಚ್ಚುಕಟ್ಟಾಗಿ ಕೇಳಿದ ಕಡತದಲ್ಲಿ ಬರೆದುಕೊಂಡೆ. ಸೋನಾ ನನ್ನ ಮಗಳಾಗಿ ಬೆಳೆದಳು. ಒಂದೆರಡು ಸಲ ‘ನಮ್ಮ ಇನ್ನೊಂದು ಮನಿ ಎಲ್ಲದ’ ಎಂದು ಕೇಳಿದಳು, ಜ್ವರದಲ್ಲಿ ಕಂಡ ಕನಸು ಎಂದೆ, ಆಮೇಲೆ ಕೇಳುವುದನ್ನು ಬಿಟ್ಟಳು. ಊರು ಬಾಯಿಗೆ ಬೀಗ ಹಾಕಿಕೊಂಡಿತು. ಪ್ರತಿ ವರ್ಷ ಮೇಲ್ದಿನದ ಮೊದಲ ದಿನ ಮಕ್ಕಳೆಲ್ಲ ಕಂಡ ಕಡತ ಓದುವುದು ನಮ್ಮ ಪದ್ಧತಿ. ಕೆಳಗೋಣಿಯ ವಿಷದ ಸಾಲನ್ನು ಸೋನಾ ಎಷ್ಟು ಸಲ ಓದಿದ್ದಾಳೋ. ಒಳ್ಳೆಯ ಕಂಠ ಅವಳದ್ದು. ಓದಿ ಮುಗಿಸಿ ನನ್ನ ಕಡೆ ನೋಡಿ ನಗುತ್ತಿದ್ದಳು.

ಈಗ ಅವಳಿಗೆ ಮೂವತ್ತೈದು. ನನ್ನ ನಂತರದ ಕೇಳುವಾಕೆ ಅವಳೇ ಎಂದು ಊರು ಒಪ್ಪಿದೆ. ಇವತ್ತು ಬೆಳಕು ನಾಲ್ಕನೆಯ ಕಿಂಡಿಗೆ ಬಂದಾಗ ಅವಳು ಇನ್ನೂರ ಹನ್ನೆರಡು ವರ್ಷದ ಕಡತದ ಕೆಳಗೆ, ತನ್ನ ಹೆತ್ತ ತಾಯಿ ವಿಷ ಹಾಕಿದವಳು ಎಂಬ ಸಾಲಿನ ಕೆಳಗೆ, ‘ಇದು ಕಂಡದ್ದು’ ಎಂದು ಬರೆದು ಹೆಸರು ಹಾಕಬೇಕು.

ಹದಿನೈದು ದಿನದ ಹಿಂದೆ ಹೊಂಡ ಅಗಲ ಮಾಡುವವರು ಪಕ್ಕದ ಗೋಡೆ ತೋಡುವಾಗ ಕಲ್ಲು ಜರಿದು ಕೆಳಗೋಣಿ ತೆರೆದುಕೊಂಡಿತು. ನೋಡಲು ನನ್ನನ್ನು ಕರೆದರು. ಆ ಸಲ ಹೋದೆ. ಹೊಂಡದ ಹಿಂಬದಿಯ ಕಲ್ಲಿನಲ್ಲಿ ಕೈಯಗಲದ ಬಿರುಕು, ಅದರ ಉದ್ದಕ್ಕೂ ಹಳೆಯ ಕಪ್ಪು ಕಲೆ. ಅದನ್ನೇ ಹಿಡಿದು ಹೋದರೆ ನಮ್ಮ ನಡುವೋಣಿಯ ಪಾಯಖಾನೆಯ ಗುಂಡಿ ಸಿಕ್ಕಿತು. ನಮ್ಮ ಮಕ್ಕಳು ಕುಡಿದದ್ದು ನಮ್ಮದೇ ಹೊಲಸು. ಒಳಗೆ ಬಾಗಿಲಿನ ಹತ್ತಿರ ಎಲುಬುಗಳಿದ್ದವು. ಎಣಿಸಿದೆ, ನಲವತ್ತೊಂದು ತಲೆ. ಹೆಚ್ಚಿನವು ಗೋಡೆಗೆ ಒರಗಿದಂತೆ, ಸಣ್ಣವು ದೊಡ್ಡವರ ನಡುವೆ. ಆಚೆಯ ಬಾಯಿ ಎಂದೋ ಕುಸಿದು ಮುಚ್ಚಿತ್ತು, ಬಾವಿಯಲ್ಲಿ ಮಣ್ಣು ತುಂಬಿತ್ತು.

ಗೋಡೆಯ ಮೇಲೆ ಕಾಡಿಗೆಯಲ್ಲಿ ಬರೆದ ಅಕ್ಷರವಿತ್ತು. ಕೈಬರಹ ತುಳಜಮ್ಮನದು, ನೋಡಿದ ಕೂಡಲೇ ಗುರುತು ಹಿಡಿದೆ. ಕಲಿತ ಹಾಗೆಯೇ ಮೂರು ಸಾಲು ಮಾಡಿದ್ದಳು. ಮೊದಲಿನದರಲ್ಲಿ ‘ಕಂಡದ್ದು: ಗೋಡಿ ಹಾಕೂ ಮೊದಲ ನಮ್ಮೊಳಗ ಹನ್ನೊಂದು ಮಂದಿಗಿ ವಾಂತಿ ಆಗಿತ್ತು. ಆಚೀ ಬಾಯಿ ಕುಸದದ. ಮೂರ ದಿನ ಆಯ್ತು, ನೀರಿಲ್ಲ.’ ಎರಡನೆಯದರಲ್ಲಿ ‘ಕೇಳಿದ್ದು: ಸೋನಾ ಜಗದೇವಿ ಮನ್ಯಾಗ ಅದಾಳ.’ ಅದು ನನ್ನ ಬಾಯಿಂದ ಕೇಳಿದ ಮಾತು. ಹೆತ್ತ ಮಗಳ ವಿಷಯವನ್ನೂ ಅವಳು ಕಣ್ಣಾರೆ ನೋಡದ ಕಾರಣ ಕೇಳಿದ್ದಕ್ಕೇ ಹಾಕಿದ್ದಳು. ಮೂರನೆಯದರಲ್ಲಿ ‘ಅಂದಾಜು: ಬಡದದ್ದು ಅವರಿಗಿ ಕೇಳ್ಸಿಲ್ಲ.’ ಅದರ ಕೆಳಗೆ, ಅಕ್ಷರ ಸೊಟ್ಟಗಾಗಿ, ‘ಅಂದಾಜು: ನಾಳಿಗಿ ತೆಗೀತಾರ.’

ಅಲ್ಲೇ ಕೂತು ಅತ್ತೆ. ಅತ್ತದ್ದನ್ನು ದೊಡ್ಡದು ಮಾಡುವುದಿಲ್ಲ, ಮೂವತ್ತೊಂದು ವರ್ಷ ತಡವಾಗಿ ಅಳುವುದು ಏನು ದೊಡ್ಡ ಮಾತು. ಆದರೆ ಇದನ್ನು ಹೇಳಬೇಕು: ಸಾಯುವ ಹೊತ್ತಿನಲ್ಲಿ ನಾಲಿಗೆ ಒಣಗಿದವಳು ಕಟ್ಟಳೆ ಮುರಿಯಲಿಲ್ಲ, ಹೊರಗೆ ನೀರು ಕುಡಿದುಕೊಂಡು ಕೂತ ನಾನು ಮುರಿದೆ.

ಪಂಚರ ಹಿರಿಯ ಬಸಲಿಂಗಪ್ಪನಿಗೆ ಹೋಗಿ ಹೇಳಿದೆ. ಅವನು ಕೆಟ್ಟವನಲ್ಲ. “ಒಂದ ಸಾಲಿನ ಸಲುವಾಗಿ ಇನ್ನೂರ ವರ್ಷ ಹಾಳ ಮಾಡ್ತೀಯೇನವ್ವ? ಯಾರ ಹೊಲ ಎಲ್ಲಿ ತನಕ, ಯಾರ ನೀರು ಎಷ್ಟ, ಎಲ್ಲಾ ಆ ಕಡತದಾಗ ಅದ. ಅದು ಇಳದ್ರ ನಾಳಿಗಿ ಮಂದಿ ತಲಿ ತಲಿ ಒಡಕೋತಾರ. ಸತ್ತೋರು ಸತ್ತಾರ” ಎಂದ. ಕಲ್ಲು ತಿರುಗಿ ಜೋಡಿಸಿಬಿಡೋಣ ಎಂದ. ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಎಂಟೊಂಬತ್ತು ದಿನ ನಾನೂ ಹಾಗೆಯೇ ಅಂದುಕೊಂಡು ಓಡಾಡಿದೆ. ಮನೆಗೆ ಹೋದರೆ ಸೋನಾ ಹೊಸ ಕಡತದ ರಟ್ಟಿಗೆ ಅಂಟು ಬಳಿಯುತ್ತ, ಚಿಕ್ಕಂದಿನಿಂದ ಪಾಟಿಯ ಮೇಲೆ ತಿದ್ದಿದ ಸಾಲನ್ನು ಒಂದು ಚೂರು ಹಾಳೆಯ ಮೇಲೆ ಮತ್ತೆ ತಿದ್ದುತ್ತಿದ್ದಳು: ಜಗದೇವಿಯ ಮಗಳು ಸೋನಾ, ನಡುವೋಣಿ. ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದು ಆ ಸಾಲು ನೋಡಿದ ಮೇಲೆ ಇಟ್ಟುಕೊಳ್ಳಲು ಆಗಲಿಲ್ಲ. ಕೂತು ಎಲ್ಲ ಹೇಳಿಬಿಟ್ಟೆ.

ಅವಳು ಅಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಎದ್ದು ಹೋಗಿ ಮುಖ ತೊಳೆದು ಬಂದಳು, ಎದುರು ಚಾಪೆ ಹಾಕಿಕೊಂಡಳು, ಲೇಖನಿ ತೆಗೆದುಕೊಂಡಳು. ಅವ್ವ ಎನ್ನಲಿಲ್ಲ. “ಹೇಳ್ರಿ. ಘಾಳೆಪ್ಪ ಎರಡನೇ ಸಲ ಏನಂದ? ಮೂರನೇ ಸಲ ಯಾಕ ಕೇಳ್ಲಿಲ್ಲ? ಗೋಡಿ ಬಡದದ್ದು ಖುದ್ದ ಕೇಳೀರೇನು?” ಎಂದಳು. ಊರಿನ ಯಾರನ್ನಾದರೂ ಕೇಳುವ ಹಾಗೆ ನನ್ನನ್ನು ಕೇಳಿದಳು. ಉತ್ತರ ಬರೆದುಕೊಂಡಳು. ದಿನ ಬಿಟ್ಟು ಮತ್ತೆ ಬಂದು ಅದನ್ನೇ ಕೇಳಿದಳು. ಇನ್ನೊಂದು ದಿನ ಬಿಟ್ಟು, ನಿನ್ನೆ, ಮೂರನೆಯ ಸಲ ಕೇಳಿದಳು. ಮೂರು ಸಲವೂ ನನ್ನ ಉತ್ತರ ಒಂದೇ ಇತ್ತು. ಇಷ್ಟು ವರ್ಷದಲ್ಲಿ ನಾನು ಸರಿಯಾಗಿ ಕಲಿಸಿದ ಕೆಲಸ ಅದೊಂದೇ ಇರಬೇಕು.

ಪ್ರತಿ ಸಲ ಏಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳು: “ನನ್ನ ಯಾಕ ಸಾಕ್ದಿರಿ?” ಮೊದಲ ದಿನ, ಪುತಳಿ ಹೋಗಿ ಮಡಿಲು ಬರಿದಾಗಿತ್ತು ಎಂದೆ. ಎರಡನೆಯ ಸಲ, ನಿನ್ನನ್ನು ಬೇರೆಯವರ ಮನೆಗೆ ಬಿಟ್ಟರೆ ಯಾರಾದರೂ ಏನಾದರೂ ಹೇಳಿಬಿಡುತ್ತಾರೆಂಬ ಭಯ ಎಂದೆ. ನಿನ್ನೆ, ಗೊತ್ತಿಲ್ಲ, ಎದ್ದು ಅವ್ವನ ಕಡಿ ಹೋಗ್ತೀನಿ ಅಂತ ಅಳುತ್ತಿದ್ದಿ, ಎತ್ತಿಕೊಂಡೆ, ಆಮೇಲೆ ಕೆಳಗಿಳಿಸಲು ಮನಸ್ಸಾಗಲಿಲ್ಲ ಎಂದೆ. ಮೂರೂ ನಿಜ. ಆದರೆ ಮೂರು ಉತ್ತರ ಬೇರೆ ಬೇರೆ ಆದ್ದರಿಂದ ಅದನ್ನು ಕಂಡ ಕಡತಕ್ಕೆ ಏರಿಸುವಂತಿಲ್ಲ. ಅವಳು ಬರೆದದ್ದನ್ನು ಮಡಿಚಿಟ್ಟಳು. ಅವಳಿಗೆ ನನ್ನ ಮೇಲೆ ಪ್ರೀತಿ ಉಳಿದಿದೆಯೋ ಇಲ್ಲವೋ ನನಗೆ ತಿಳಿಯದು. ಕೇಳಲು ಧೈರ್ಯವಿಲ್ಲ.

ಇವತ್ತು ಬೆಳಕು ಮೊದಲ ಕಿಂಡಿಗೆ ಬರುತ್ತಲೇ ದೀಪ ಹಿಡಿದು ಕೆಳಗೋಣಿಗೆ ಇಳಿದಿದ್ದಾಳೆ, ತಾನೇ ನೋಡಿ ಬರಲು. ಬಸಲಿಂಗಪ್ಪ ಬಾಗಿಲಲ್ಲಿ ನಿಂತು ಬೇಡವೆಂದ. “ಕಾಕಾ, ಯವನಜ್ಜ ಎಲುಬು ನೋಡ್ಲಾಕ ಹೋಗಿದ್ದ. ನಾ ನಮ್ಮವ್ವನ ನೋಡ್ಲಾಕ ಹೊಂಟೀನಿ” ಎಂದಳಂತೆ. ಅವನು ದಾರಿ ಬಿಟ್ಟ. ಬೆಳಕು ಈಗ ಮೂರನೆಯ ಕಿಂಡಿಗೆ ಬರುತ್ತಿದೆ. ಸೋನಾ ಇನ್ನೂ ಬಂದಿಲ್ಲ. ನಾನು ಕಡತಗಳ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ, ಪಂಚರೂ ಇಲ್ಲೇ ಅವಳಿಗಾಗಿ ಕಾದಿದ್ದಾರೆ.

ಈಗ ನನ್ನ ಬೇಡಿಕೆ. ನಮ್ಮ ಹನ್ನೊಂದು ಹಾಳೆಗಳಲ್ಲಿ ಯವನಜ್ಜ ಹೇಗೆ ಕೇಳಿದ, ಯಾರನ್ನು ನಂಬಿದ, ಯಾರನ್ನು ನಂಬಲಿಲ್ಲ ಎಂಬುದೆಲ್ಲ ಇದೆ. ಬರೆದವನೇ ತಪ್ಪಿದ್ದು ಅವನಿಗೇ ತಿಳಿದಾಗ ಏನು ಮಾಡಿದ ಎಂಬುದಿಲ್ಲ. ಅದಕ್ಕೇ ನಮ್ಮ ಕಟ್ಟಳೆಯಲ್ಲೂ ಅದಿಲ್ಲ. ಕಡತ ಏನಾಗಬೇಕೆಂದು ಬರೆದಿದೆ, ಬರೆದವಳು ಏನಾಗಬೇಕೆಂದು ಬರೆದಿಲ್ಲ. ಸುಳ್ಳು ಬರೆದ ಕೈ ಮುಂದೆ ಎಲ್ಲಿಗೆ ಹೋಗಬೇಕು, ಅದು ಅಕ್ಷರ ಮುಟ್ಟಬಹುದೇ, ಅದು ಸಾಕಿದ ಮಗುವಿನ ತಲೆ ಮುಟ್ಟಬಹುದೇ? ನಿಮ್ಮ ಕಾಲದಲ್ಲಿ ಅವನ ಪುಸ್ತಕ ಇಡಿಯಾಗಿ ಇದೆಯಂತೆ, ಬೇಕಾದವರಿಗೆ ಸಿಗುತ್ತದಂತೆ. ದಯವಿಟ್ಟು ಹುಡುಕಿ. ಅವನು ಎಲ್ಲಾದರೂ, ನಾನು ಹೀಗೆ ಬರೆದಿದ್ದೆ, ಅದು ಸುಳ್ಳು, ಅದರಿಂದ ಇಂಥವರಿಗೆ ಕೇಡಾಯಿತು ಎಂದಿದ್ದರೆ ಆ ಹಾಳೆಯನ್ನು ಎಣ್ಣೆಯಲ್ಲಿ ಅದ್ದಿ ಇಡಿ, ಕಲ್ಲಿನ ಮೇಲೆ ಕೊರೆಯಿರಿ, ಹಿಂಡಿ ಕಟ್ಟಲಾದರೂ ಉಪಯೋಗಿಸಿ; ಹೇಗೋ ನಮ್ಮವರ ಚೀಲ ಸೇರಲಿ. ಅವನೂ ಹಾಗೆ ಬರೆದಿಲ್ಲವಾದರೆ ನೀವೇ ಬರೆಯಿರಿ. ಗೋಡೆ ಏಳುವುದು ನಿಮ್ಮ ಕಾಲದಲ್ಲೂ ಇದ್ದೀತು, ‘ಯಾರೋ ಕಂಡರಂತೆ’ ಎಂಬ ಮಾತೂ ಇದ್ದೀತು. ನೀವು ಬಯಲಿನಲ್ಲಿದ್ದೀರಿ, ಗೋಡೆ ಬಡಿದ ಸದ್ದು ಕೇಳಿಸಲಿಲ್ಲ ಎನ್ನಬಹುದು. ನನಗಂತೂ ಹಾಗೆನ್ನಲು ಬರುವುದಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಅವಳು ಬಂದಳು. ಮೊಣಕಾಲಿನವರೆಗೆ ಕೆಂಪು ಧೂಳು. ನನ್ನ ಕಡೆ ನೋಡಲಿಲ್ಲ. ಹಳೆಯ ಕಂಡ ಕಡತವನ್ನು ಎರಡೂ ಕೈಯಲ್ಲಿ ಎತ್ತಿ ಕೇಳಿದ್ದರ ಸಾಲಿನಲ್ಲಿ ಇಟ್ಟಳು. ಪಂಚರು ಐವರೂ ನೋಡುತ್ತ ಕೂತಿದ್ದರು. ಬಸಲಿಂಗಪ್ಪ ತಲೆ ತಗ್ಗಿಸಿದ. ಅವಳು ಮಸಿ ಕಲಸಿಕೊಂಡು ಹೊಸ ಕಡತದ ಮೊದಲ ಹಾಳೆ ತೆರೆದು ಒಂದು ಸಾಲು ಬರೆದಳು. ಸಾಕ್ಷಿಗೆ ಹಳೆಯ ಕೇಳುವಾಕೆ ಓದಿ ನೋಡುವುದು ಪದ್ಧತಿ ಆದ್ದರಿಂದ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು.

‘ತುಳಜಮ್ಮನ ಮಗಳು ಸೋನಾ, ಕೆಳಗೋಣಿ.’

ಓದಿದೆ. ಸರಿಯಾಗಿದೆ ಎಂದು ಹೇಳಿದೆ.